ಹಳೇ ಲ್ಯಾಪ್‌ಟಾಪಿಗೆ ಯಾವುದು: ವಿಂಡೋಸ್ 11, ಮಿಂಟ್, ಕ್ರೋಮ್ ಓಎಸ್ ಫ್ಲೆಕ್ಸ್?

ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮನೆಗಳಲ್ಲೂ ಜೆರಾಕ್ಸ್ ಅಂಗಡಿಗಳಲ್ಲೂ ನಾಲ್ಕು, ಐದನೇ ಜನರೇಶನ್‌ನ ಐ3 ಲ್ಯಾಪ್‌ಟಾಪ್‌ಗಳು ಇನ್ನೂ ದುಡಿಯುತ್ತಿವೆ: 4 ಜಿಬಿ ರ‍್ಯಾಮ್, 5400 ಆರ್‌ಪಿಎಂ ಹಾರ್ಡ್‌ಡಿಸ್ಕ್. ಇಂಥ ಯಂತ್ರದಲ್ಲಿ ವಿಂಡೋಸ್ 11, ಲಿನಕ್ಸ್ ಬಳಗದ ಮಿಂಟ್, ಗೂಗಲ್‌ನ ಕ್ರೋಮ್ ಓಎಸ್ ಫ್ಲೆಕ್ಸ್ ಎಂಬ ಮೂರು ಓಎಸ್‌ಗಳನ್ನೂ (ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ) ಓಡಿಸಿ ನೋಡಿದ ಮೇಲೆ ಒಂದು ಮಾತು ಖಚಿತ. ವೇಗಕ್ಕಿಂತ ಮೊದಲು ನೋಡಬೇಕಾದ್ದು ಮೇಜಿನ ಮೇಲಿರುವ ಪ್ರಿಂಟರ್ ಯಾವುದು, ಡಿಸ್ಕಿನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ಫೈಲುಗಳೆಷ್ಟಿವೆ, ಮಳೆಗಾಲದಲ್ಲಿ ನೆಟ್ ಎಷ್ಟು ಹೊತ್ತು ಇರುತ್ತದೆ ಎಂಬುದನ್ನು.

ಯಾವುದನ್ನೇ ಆರಿಸಿ, ಮೊದಲು 2.5 ಇಂಚಿನ 256 ಜಿಬಿ ಸಾಟಾ ಎಸ್‌ಎಸ್‌ಡಿ (ಹಾರ್ಡ್‌ಡಿಸ್ಕಿನ ಬದಲಿಗೆ ಬರುವ ವೇಗದ ಡಿಸ್ಕ್) ಹಾಕಿಸಿ. ಹಾರ್ಡ್‌ಡಿಸ್ಕಿನಲ್ಲಿ ವಿಂಡೋಸ್ 11 ಇದ್ದರೆ ಡಿಫೆಂಡರ್, ಸರ್ಚ್ ಇಂಡೆಕ್ಸಿಂಗ್, ಅಪ್‌ಡೇಟ್ ಒಟ್ಟಿಗೇ ಡಿಸ್ಕಿಗೆ ಮುಗಿಬಿದ್ದು, ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಬಳಕೆ 100% ತಲುಪಿ ಅಲ್ಲೇ ನಿಲ್ಲುತ್ತದೆ. ರ‍್ಯಾಮ್ ಕೊಳ್ಳುವಾಗ ಡಿಡಿಆರ್3ಎಲ್, 1.35 ವೋಲ್ಟಿನದೇ ಬೇಕೆಂದು ಕೇಳಿ. ಬರೀ 1.5 ವೋಲ್ಟಿನದು ಹಾಕಿದರೆ ಈ ಜನರೇಶನ್‌ನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಪರದೆಯೇ ಹತ್ತುವುದಿಲ್ಲ.

ವಿಂಡೋಸ್ 11ಕ್ಕೆ ಅಧಿಕೃತವಾಗಿ ಎಂಟನೇ ಜನರೇಶನ್ ಇಂಟೆಲ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇನ್‌ಸ್ಟಾಲ್ ಪೆನ್‌ಡ್ರೈವ್ ತಯಾರಿಸುವ ರೂಫಸ್ ತಂತ್ರಾಂಶದಲ್ಲಿ ಐಎಸ್‌ಒ (ವಿಂಡೋಸ್‌ನ ಇನ್‌ಸ್ಟಾಲ್ ಫೈಲು) ಆರಿಸಿ ಸ್ಟಾರ್ಟ್ ಒತ್ತಿದಾಗ ಬರುವ ಪಟ್ಟಿಯಲ್ಲಿ 4 ಜಿಬಿ, ಸೆಕ್ಯೂರ್ ಬೂಟ್, ಟಿಪಿಎಂ ಷರತ್ತು ತೆಗೆಯುವ ಸಾಲಿಗೆ ಟಿಕ್ ಹಾಕಿದರೆ, ಆ ಪೆನ್‌ಡ್ರೈವಿನಿಂದ ಬೂಟ್ ಮಾಡಿ ಇನ್‌ಸ್ಟಾಲ್ ಮಾಡಬಹುದು. ಆದರೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಪ್ರೊಸೆಸರಿನಲ್ಲಿ ಎಸ್‌ಎಸ್‌ಇ 4.2 ಎಂಬ ಸೂಚನಾ ಗುಂಪು ಇರಲೇಬೇಕು. ಇನ್ನೂ ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರಿನಲ್ಲಿ ಅದಿಲ್ಲ, ಅದಕ್ಕೆ ಅಡ್ಡದಾರಿಯೂ ಇಲ್ಲ. ಹೀಗೆ ಹಾಕಿದ ಯಂತ್ರಕ್ಕೆ ಅಪ್‌ಡೇಟ್ ಕೊಡುವ ಭರವಸೆ ಮೈಕ್ರೋಸಾಫ್ಟ್‌ನದಲ್ಲ. ತಿಂಗಳ ಅಪ್‌ಡೇಟ್ ಬಂದರೂ ವರ್ಷದ ದೊಡ್ಡ ಆವೃತ್ತಿಗೆ ಹೊಸ ಐಎಸ್‌ಒ ಇಳಿಸಿ ಮತ್ತೆ ಇದೇ ಕೆಲಸ ಮಾಡಬೇಕಾಗುತ್ತದೆ. ಆ ಫೈಲು 5 ಜಿಬಿ ಮೀರುತ್ತದೆ, ದಿನಕ್ಕೆ 2 ಜಿಬಿಯ ಮೊಬೈಲ್ ಪ್ಯಾಕಿನಲ್ಲಿ ಆಗುವ ಕೆಲಸವಲ್ಲ. ಶಿವಮೊಗ್ಗದಲ್ಲಿ ಫೈಬರ್ ಇರುವ ಮನೆಯಲ್ಲಿ ಇಳಿಸಿ 16 ಜಿಬಿ ಪೆನ್‌ಡ್ರೈವಿಗೆ ಹಾಕಿ ತನ್ನಿ. ಹಾಟ್‌ಸ್ಪಾಟ್ ಬಳಸುವವರು ಆ ವೈಫೈ ಹೆಸರಿಗೆ ಮೀಟರ್ಡ್ ಕನೆಕ್ಷನ್ ಆನ್ ಮಾಡಿಡಬೇಕು, ಇಲ್ಲದಿದ್ದರೆ ಬೆಳಿಗ್ಗೆಯೇ ಡೇಟಾ ಖಾಲಿ. 4 ಜಿಬಿಯಲ್ಲಿ ಅರ್ಧಕ್ಕಿಂತ ಹೆಚ್ಚು ರ‍್ಯಾಮ್ ಸುಮ್ಮನೆ ಕೂತಾಗಲೇ ಹೋಗುತ್ತದೆ. 8 ಜಿಬಿ ಮಾಡಿಸುವ ಮನಸ್ಸಿಲ್ಲದಿದ್ದರೆ ಇದರ ಗೊಡವೆಗೆ ಹೋಗಬಾರದು.

ಲಿನಕ್ಸ್ ಮಿಂಟ್ 22ರ ಎಕ್ಸ್‌ಎಫ್‌ಸಿಇ ಎಂಬ ಹಗುರ ಡೆಸ್ಕ್‌ಟಾಪಿನ ಆವೃತ್ತಿ ಇದೇ 4 ಜಿಬಿಯಲ್ಲಿ ಹಗುರಾಗಿ ಓಡುತ್ತದೆ. ತೆರೆದು ಬಿಟ್ಟಾಗ ತಿನ್ನುವುದು ಸುಮಾರು 1 ಜಿಬಿ. ಬೆಂಬಲ 2029ರವರೆಗೆ ಇದೆ. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಲೈವ್ ಓಡಿಸಿ ಪರೀಕ್ಷಿಸಬಹುದು ಎಂಬುದು ಇದರ ದೊಡ್ಡ ಗುಣ: ವೈಫೈ, ಸೌಂಡ್, ಟಚ್‌ಪ್ಯಾಡ್ ಮೂರನ್ನೂ ನೋಡಿಯೇ ಮುಂದುವರಿಯಿರಿ. ಬ್ರಾಡ್‌ಕಾಮ್ ವೈಫೈ ಚಿಪ್ ಇದ್ದರೆ ಮೊದಲಿಗೆ ನೆಟ್ ಕಾಣದೆ ಹೋಗಬಹುದು. ಆಗ ಫೋನನ್ನು ಕೇಬಲ್‌ನಿಂದ ಜೋಡಿಸಿ ಯುಎಸ್‌ಬಿ ಟೆಥರಿಂಗ್ ಆನ್ ಮಾಡಿ, ಡ್ರೈವರ್ ಮ್ಯಾನೇಜರ್ ತೆರೆದು ಡ್ರೈವರ್ ಹಾಕಿ. ವಿಂಡೋಸನ್ನೂ ಉಳಿಸಿಕೊಳ್ಳುವವರು ಅದರಲ್ಲಿ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಮಾಡದಿದ್ದರೆ ವಿಂಡೋಸ್ ಪೂರ್ತಿ ಮುಚ್ಚಿರುವುದಿಲ್ಲ, ಮಿಂಟ್‌ನಿಂದ ಆ ಡ್ರೈವಿಗೆ ಏನನ್ನೂ ಬರೆಯಲಾಗುವುದಿಲ್ಲ.

ಮಿಂಟ್‌ನಲ್ಲಿ ಕನ್ನಡ ಟೈಪಿಂಗ್‌ಗೆ ಐಬಸ್ ಎಂಬ ಟೈಪಿಂಗ್ ವ್ಯವಸ್ಥೆಯ ಎಂ17ಎನ್ ಪ್ಯಾಕೇಜ್ ಹಾಕಿ, ಪಟ್ಟಿಯಲ್ಲಿ ಕೆಜಿಪಿ (ಕನ್ನಡ ಗಣಕ ಪರಿಷತ್ತು) ವಿನ್ಯಾಸ ಆರಿಸಿದರೆ ನುಡಿ ಕೀಲಿಮಣೆಯ ಕೈಪಳಗು ಹಾಗೇ ಉಳಿಯುತ್ತದೆ, ಬರುವುದು ಯಾವ ಯಂತ್ರದಲ್ಲೂ ಓದಬರುವ ಯೂನಿಕೋಡ್ ಅಕ್ಷರ. ತೊಡಕಿರುವುದು ಯೂನಿಕೋಡಿಗೆ ಮುಂಚಿನ, ನುಡಿ ಫಾಂಟಿದ್ದರಷ್ಟೇ ಓದಬರುವ ಹಳೆಯ ಆನ್ಸಿ ನುಡಿ ಫೈಲುಗಳಲ್ಲಿ. ನುಡಿ ಫಾಂಟುಗಳನ್ನು ಫಾಂಟ್ ಫೋಲ್ಡರಿಗೆ ಹಾಕಿದರೆ ಲಿಬ್ರೆ ಆಫೀಸ್ ಎಂಬ ಉಚಿತ ಆಫೀಸ್ ತಂತ್ರಾಂಶದಲ್ಲಿ ಓದಲು, ಪ್ರಿಂಟ್ ತೆಗೆಯಲು ಬರುತ್ತದೆ. ಆದರೆ ಒಂದು ಸಾಲು ತಿದ್ದಬೇಕೆಂದರೂ ಮೊದಲು ಯೂನಿಕೋಡಿಗೆ ಪರಿವರ್ತಿಸಬೇಕು, ಒತ್ತಕ್ಷರ ಮತ್ತು ಅರ್ಕಾವತ್ತುಗಳನ್ನು ಕಣ್ಣಾರೆ ಪರಿಶೀಲಿಸಬೇಕು. ದಿನಾ ಕರಪತ್ರ, ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಗೆ ಇದು ಆಗದ ಮಾತು. ಅಲ್ಲಿ ವಿಂಡೋಸೇ ಸರಿ.

ಪ್ರಿಂಟರ್ ವಿಷಯವೂ ಅಷ್ಟೇ ಗಂಭೀರ. ಎಚ್‌ಪಿ ಲೇಸರ್‌ಜೆಟ್ 1020, ಪಿ1007 ಮಿಂಟ್‌ನಲ್ಲಿ ಓಡುತ್ತವೆ, ಆದರೆ ನೆಟ್ ಇರುವಾಗ ಎಚ್‌ಪಿಯ ಪ್ಲಗಿನ್ ಒಮ್ಮೆ ಇಳಿಸಿಕೊಳ್ಳಬೇಕು. ಪ್ಲಗಿನ್ ಇಲ್ಲದಿದ್ದರೆ ಹೆಸರು ಕಾಣಿಸುತ್ತದೆ, ಕಾಗದ ಬರುವುದಿಲ್ಲ. ಕ್ಯಾನನ್ ಎಲ್‌ಬಿಪಿ 2900 ಬಳಸುವ ಕ್ಯಾಪ್ಟ್ ಎಂಬ ಕ್ಯಾನನ್‌ನದೇ ಮುದ್ರಣ ವ್ಯವಸ್ಥೆಗೆ ಇರುವ ಲಿನಕ್ಸ್ ಡ್ರೈವರ್ ಹಳೆಯದು, 32 ಬಿಟ್ ಲೈಬ್ರರಿಗಳನ್ನು ಕೇಳುತ್ತದೆ. ಗಿರಾಕಿ ಎದುರಿಗೆ ನಿಂತಿರುವ ಅಂಗಡಿಯಲ್ಲಿ ಅದನ್ನು ನೆಚ್ಚಿ ಕೂರುವುದು ಬೇಡ.

ಮೂರರಲ್ಲಿ ಹಾಕಲು ಎಲ್ಲಕ್ಕಿಂತ ಸುಲಭವಾದದ್ದು ಕ್ರೋಮ್ ಓಎಸ್ ಫ್ಲೆಕ್ಸ್. ಆದರೆ ಡಿಸ್ಕ್ ಪೂರ್ತಿ ಅಳಿಯುತ್ತದೆ, ಜೊತೆಗೆ ವಿಂಡೋಸ್ ಇಟ್ಟುಕೊಳ್ಳಲಾಗದು, ಪ್ಲೇ ಸ್ಟೋರಿನ ಆಂಡ್ರಾಯ್ಡ್ ಆ್ಯಪ್‌ಗಳೂ ಇಲ್ಲ. ಕೆಲಸವೆಲ್ಲ ಬ್ರೌಸರಿನಲ್ಲೇ. ಶಿವಮೊಗ್ಗ ನಗರದಲ್ಲಿ ಫೈಬರ್ ಇರುವ ಮನೆಯ ಮಕ್ಕಳ ಆನ್‌ಲೈನ್ ಪಾಠಕ್ಕೆ ಒಪ್ಪಬಹುದು. ಆಷಾಢದಲ್ಲಿ ಕರೆಂಟಿನ ಜೊತೆ ಟವರೂ ಹೋಗುವ ಆಗುಂಬೆ, ಹೊಸನಗರ ತಾಲೂಕಿನ ನಗರ ಎಂಬ ಊರಿನ ಕಡೆ ಇದನ್ನು ಹಾಕಿಕೊಡಬೇಡಿ. ಅಲ್ಲಿನ ಮನೆಗೆ ಮಿಂಟ್.

ಕೊನೆಗೆ, ಲ್ಯಾಪ್‌ಟಾಪ್ ಅಲ್ಲದೆ ಹಳೇ ಡೆಸ್ಕ್‌ಟಾಪ್ ಕಂಪ್ಯೂಟರ್ ಇರುವವರಿಗೆ: ಮಳೆಗಾಲ ಕಳೆದು ಅದನ್ನು ತೆರೆದಾಗ ಯಾವ ಸೈಟೂ ಸುರಕ್ಷಿತವಲ್ಲ ಎಂದು ಬ್ರೌಸರ್ ಹೇಳಿದರೆ ಓಎಸ್ ಮರು ಇನ್‌ಸ್ಟಾಲ್ ಮಾಡಲು ಹೊರಡಬೇಡಿ. ತಿಂಗಳುಗಟ್ಟಲೆ ಪ್ಲಗ್ ತೆಗೆದಿಟ್ಟ ಹಳೇ ಮದರ್‌ಬೋರ್ಡಿನ ಗಡಿಯಾರ ನಡೆಸುವ ಸಿಆರ್2032 ಸೆಲ್ ಸತ್ತು ದಿನಾಂಕ ಹಿಂದಕ್ಕೆ ಹೋಗಿರುತ್ತದೆ. ಸೆಲ್ ಬದಲಿಸಿ, ಬಯಾಸ್‌ನಲ್ಲಿ ತಾರೀಖು ಸರಿಪಡಿಸಿ, ಬೂಟ್ ಮೋಡ್ (ಓಎಸ್ ಶುರುವಾಗುವ ವಿಧಾನ) ಹೊಸ ಯುಇಎಫ್‌ಐನಿಂದ ಹಳೆಯ ಲೆಗಸಿಗೆ ತಿರುಗಿದೆಯೇ ಎಂದೂ ಅಲ್ಲೇ ನೋಡಿ.