ಮಂಗಳೂರಿನ ಡೇ ಕೇರ್ ವಾರ್ಡಿನಲ್ಲಿ ಪ್ಯಾಕ್ಲಿಟ್ಯಾಕ್ಸೆಲ್: ಕಾಸರಗೋಡಿನವರ ಅನುಭವ

ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆಯಾದ ಮೇಲೆ ನನ್ನ ಅಕ್ಕನಿಗೆ ಮಂಗಳೂರಿನ ಖಾಸಗಿ ಆಸ್ಪತ್ರೆಯೊಂದರ ಡೇ ಕೇರ್ ವಾರ್ಡಿನಲ್ಲಿ ವಾರಕ್ಕೊಮ್ಮೆ ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಕೀಮೋಥೆರಪಿ ಔಷಧ ಕೊಡಿಸಿದೆವು. ಬೆಳಿಗ್ಗೆ ಕೇರಳದ ಗಡಿಜಿಲ್ಲೆ ಕಾಸರಗೋಡಿನ ಬದಿಯಡ್ಕದಿಂದ ಹೊರಟು ಸಂಜೆಗೆ ಮನೆ ಸೇರುತ್ತಿದ್ದೆವು. ಕಾಸರಗೋಡಿನ ಎಷ್ಟೋ ಮನೆಗಳವರು ಇದೇ ದಾರಿಯಲ್ಲಿ ಹೋಗಿ ಬರುತ್ತಿರುವುದರಿಂದ, ಔಷಧದ ಬಗ್ಗೆಯೂ ಅದನ್ನು ಕೊಡುವ ವ್ಯವಸ್ಥೆಯ ಬಗ್ಗೆಯೂ ನನಗೆ ತಿಳಿದುದನ್ನು ಬರೆಯುತ್ತಿದ್ದೇನೆ. ಡ್ರಿಪ್ ಮುಗಿಯುವವರೆಗೆ ಆ ವಾರ್ಡಿನ ಕೆಲಸ ಅಚ್ಚುಕಟ್ಟು. ಆದರೆ ಗಡಿಯಾಚೆಯ ರೋಗಿಯನ್ನು ಮನೆಗೆ ಕಳುಹಿಸುವಾಗ ವಹಿಸಬೇಕಾದ ಎಚ್ಚರ ಅಲ್ಲಿ ಸಾಲದು.

ಔಷಧದ ಮೂಲ ಪೆಸಿಫಿಕ್ ಯೂ ಎಂಬ ಮರದ ತೊಗಟೆ. ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿ ಆರ್ಥರ್ ಬಾರ್ಕ್ಲೇ 1962ರಲ್ಲಿ ವಾಷಿಂಗ್ಟನ್ ರಾಜ್ಯದ ಕಾಡಿನಿಂದ ತಂದ ತೊಗಟೆಯಲ್ಲಿದ್ದ ರಾಸಾಯನಿಕವನ್ನು ಮನ್ರೋ ವಾಲ್ ಮತ್ತು ಮನ್ಸುಖ್ ವಾಣಿ ಬೇರ್ಪಡಿಸಿ, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ವಾಣಿಯವರು ಮಹಾರಾಷ್ಟ್ರದ ನಂದುರ್‌ಬಾರಿನಲ್ಲಿ ಹುಟ್ಟಿದವರು. ಈ ಸಂಗತಿ ನಮ್ಮಲ್ಲಿ ಇನ್ನಷ್ಟು ಜನರಿಗೆ ತಿಳಿದಿರಬೇಕಿತ್ತು. ಜೀವಕೋಶ ಎರಡಾಗುವಾಗ ಅದರೊಳಗೆ ಕಟ್ಟಿಕೊಂಡು ಮತ್ತೆ ಬಿಚ್ಚಿಕೊಳ್ಳಬೇಕಾದ ಸೂಕ್ಷ್ಮ ನಾಳಗಳನ್ನು ಈ ಔಷಧ ಬಿಚ್ಚಿಕೊಳ್ಳದಂತೆ ಹಿಡಿದಿಡುತ್ತದೆ, ಅದರಿಂದ ವಿಭಜನೆ ಅರ್ಧದಲ್ಲೇ ನಿಲ್ಲುತ್ತದೆ ಎಂಬುದನ್ನು ಸೂಸನ್ ಹಾರ್ವಿಟ್ಜ್ 1979ರಲ್ಲಿ ತೋರಿಸಿಕೊಟ್ಟರು. ಅಮೆರಿಕದಲ್ಲಿ 1992ರಲ್ಲಿ ಅಂಡಾಶಯದ ಕ್ಯಾನ್ಸರಿಗೂ 1994ರಲ್ಲಿ ಸ್ತನ ಕ್ಯಾನ್ಸರಿಗೂ ಅನುಮತಿ ಸಿಕ್ಕಿತು. ತೊಗಟೆ ಸುಲಿದರೆ ಮರ ಸಾಯುವುದರಿಂದ, ಮುಂದೆ ಯುರೋಪಿನ ಯೂ ಮರದ ಎಲೆಯಲ್ಲಿ ಸಿಗುವ ವಸ್ತುವಿನಿಂದ ಔಷಧ ತಯಾರಿಸುವ ವಿಧಾನ ಬಂತು.

ಪ್ಯಾಕ್ಲಿಟ್ಯಾಕ್ಸೆಲ್ ನೀರಿನಲ್ಲಿ ಕರಗುವುದಿಲ್ಲ. ಆದ್ದರಿಂದ ಹರಳೆಣ್ಣೆಯಿಂದ ತಯಾರಿಸಿದ ದ್ರಾವಕ ಮತ್ತು ಆಲ್ಕೋಹಾಲಿನಲ್ಲಿ ಅದನ್ನು ಕರಗಿಸಿಟ್ಟಿರುತ್ತಾರೆ. ಕೊಡುವಾಗ ಎದುರಾಗುವ ತೊಂದರೆಗಳಲ್ಲಿ ಹೆಚ್ಚಿನವು ಈ ದ್ರಾವಕದಿಂದಲೇ ಬರುವಂಥವು. ಮುಖ ಕೆಂಪಾಗುವುದು, ಎದೆ ಬಿಗಿಯುವುದು, ಬೆನ್ನು ನೋಯುವುದು, ರಕ್ತದೊತ್ತಡ ಇಳಿಯುವುದು ಸಾಮಾನ್ಯವಾಗಿ ಮೊದಲ ಅಥವಾ ಎರಡನೆಯ ಬಾರಿಯ ಡ್ರಿಪ್ಪಿನ ಆರಂಭದ ನಿಮಿಷಗಳಲ್ಲಿ ಕಾಣಿಸಿಕೊಳ್ಳುತ್ತವೆ. ಇದನ್ನು ತಡೆಯಲು ಮುಂಚಿತವಾಗಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್, ಅಲರ್ಜಿಯ ಇಂಜೆಕ್ಷನ್ ಮತ್ತು ಹೊಟ್ಟೆಯ ಆಮ್ಲ ಕಡಿಮೆ ಮಾಡುವ ಔಷಧ ಕೊಡುತ್ತಾರೆ. ಈ ವಾರ್ಡಿನವರು ಯಾವ ವಾರವೂ ಇದರಲ್ಲಿ ಅವಸರ ಮಾಡಲಿಲ್ಲ. ಆ ದ್ರಾವಕ ಮಾಮೂಲು ಪಿವಿಸಿ ಕೊಳವೆಯಿಂದ ಬೇಡದ ರಾಸಾಯನಿಕವನ್ನು ಎಳೆದುಕೊಳ್ಳುವುದರಿಂದ, ಗಾಜಿನ ಬಾಟಲಿಯನ್ನೂ ಸಣ್ಣ ಫಿಲ್ಟರಿರುವ ಬೇರೆಯೇ ಸೆಟ್ಟನ್ನೂ ಬಳಸುತ್ತಿದ್ದರು. ಮೊದಲ ದಿನ ನರ್ಸ್ ಡ್ರಿಪ್ಪನ್ನು ತೀರಾ ನಿಧಾನವಾಗಿ ಬಿಟ್ಟು, ಮಣಿಕಟ್ಟಿನ ನಾಡಿಯ ಮೇಲೆ ಬೆರಳಿಟ್ಟುಕೊಂಡು ಅಕ್ಕನ ಪಕ್ಕದಲ್ಲೇ ಕುಳಿತಿದ್ದರು. "ಅಕ್ಕಾ, ಉಸಿರು ಕಟ್ಟಿದ ಹಾಗೆ ಆಗ್ತದಾ? ಸೆಕೆ ಆಗ್ತದಾ? ಸ್ವಲ್ಪ ಆದರೂ ಹೇಳಿ" ಎಂದು ಮತ್ತೆ ಮತ್ತೆ ಕೇಳುತ್ತಿದ್ದರು. ಆ ಗಮನಕ್ಕೆ ನಾನು ಋಣಿ.

ಬಿಲ್ಲಿನ ವಿಷಯದಲ್ಲೂ ದೂರಿಲ್ಲ. ಔಷಧ, ಸೆಟ್ಟು, ವಾರ್ಡಿನ ಶುಲ್ಕ ಎಂದು ಬೇರೆ ಬೇರೆಯಾಗಿಯೇ ಬರೆದಿದ್ದರು. ಪ್ಯಾಕ್ಲಿಟ್ಯಾಕ್ಸೆಲ್ ನಮ್ಮ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿ ಇರುವಂಥದ್ದು. ಆಲ್ಬುಮಿನ್ ಎಂಬ ರಕ್ತದ ಪ್ರೋಟೀನಿಗೆ ಸೇರಿಸಿದ ಇನ್ನೊಂದು ರೂಪದಲ್ಲಿ ಹರಳೆಣ್ಣೆಯ ದ್ರಾವಕವಿಲ್ಲ. ಅದಕ್ಕೆ ಬೆಲೆ ಹೆಚ್ಚು, ಯಾರಿಗೆ ಯಾವುದು ಎಂಬುದನ್ನು ಡಾಕ್ಟರೇ ತೀರ್ಮಾನಿಸಬೇಕು.

ಇನ್ನು ಕೊರತೆಯ ಮಾತು. ಕೂದಲು ಉದುರುತ್ತದೆಂದು ಎಲ್ಲರೂ ಹೇಳಿದ್ದರು. ಹುಬ್ಬೂ ಹೋಗಬಹುದೆಂದು ಪಕ್ಕದ ಹಾಸಿಗೆಯ ಹೆಂಗಸು ಹೇಳಿದ ಮೇಲೆಯೇ ನಮಗೆ ಗೊತ್ತಾದದ್ದು. ಅದಕ್ಕಿಂತ ದೊಡ್ಡದು ನರಗಳ ತೊಂದರೆ. ಕೆಲವು ವಾರಗಳಾದ ಮೇಲೆ ಅಕ್ಕ ಮಲ್ಲಿಗೆ ಕಟ್ಟಲು ಕುಳಿತಾಗ, ಬಾಳೆನಾರಿನ ಗಂಟು ಬಿಗಿಯಾಯಿತೋ ಇಲ್ಲವೋ ಎಂಬುದು ಬೆರಳಿಗೆ ತಿಳಿಯುತ್ತಿರಲಿಲ್ಲ. ಅಂಗಳದಲ್ಲಿ ನಡೆಯುವಾಗ ಚಪ್ಪಲಿ ಕಾಲಿನಿಂದ ಕಳಚಿ ಹಿಂದೆ ಉಳಿದದ್ದೂ ಗೊತ್ತಾಗಲಿಲ್ಲ. ಪ್ಯಾಕ್ಲಿಟ್ಯಾಕ್ಸೆಲ್‌ನಿಂದ ಕೈಕಾಲು ಜೋಮು ಹಿಡಿಯುವುದು ಎಲ್ಲರಿಗೂ ತಿಳಿದ ಅಡ್ಡಪರಿಣಾಮ. ಹೆಚ್ಚಾದರೆ ಡೋಸ್ ಇಳಿಸಬೇಕು, ಇಲ್ಲವೇ ನಿಲ್ಲಿಸಬೇಕು, ಏಕೆಂದರೆ ಕೆಲವರಲ್ಲಿ ಅದು ಚಿಕಿತ್ಸೆ ಮುಗಿದ ಮೇಲೂ ಬಹುಕಾಲ ಉಳಿಯುತ್ತದೆ. ವಾರ್ಡಿನಲ್ಲಿ ಪ್ರತಿ ವಾರ ರಕ್ತದ ಎಣಿಕೆ ನೋಡುತ್ತಿದ್ದರು, ತೂಕ ನೋಡುತ್ತಿದ್ದರು. ಬ್ಲೌಸಿನ ಹುಕ್ ಹಾಕಲು ಆಗುತ್ತದೆಯೇ ಎಂದು ಮಾತ್ರ ಯಾರೂ ಕೇಳಲಿಲ್ಲ. ನಾವಾಗಿ ಹೇಳಿದ ಮೇಲೆ ಡಾಕ್ಟರು ತಕ್ಷಣ ಡೋಸ್ ಕಡಿಮೆ ಮಾಡಿದರು. ಹೇಳಿಕೊಳ್ಳಲು ಸಂಕೋಚಪಡುವ ರೋಗಿಯ ಗತಿ ಏನೆಂಬ ಚಿಂತೆ ನನ್ನನ್ನು ಬಿಟ್ಟಿಲ್ಲ.

ಎರಡನೆಯ ಕೊರತೆ, ಮನೆಗೆ ಕಳುಹಿಸುವಾಗ ಕೊಡಬೇಕಾದ ಸೂಚನೆ ಮತ್ತು ಚೀಟಿಯದು. ಅಲರ್ಜಿಯ ಇಂಜೆಕ್ಷನ್ನಿನಿಂದಲೂ ದ್ರಾವಕದ ಆಲ್ಕೋಹಾಲಿನಿಂದಲೂ ಅಕ್ಕನಿಗೆ ತೂಕಡಿಕೆ ಬರುತ್ತಿತ್ತು. ರೈಲಿನಲ್ಲಿ ಕುಂಬಳೆಗೆ ಬಂದು, ಅಲ್ಲಿಂದ ಬಸ್ಸು ಹತ್ತಬೇಕಾದವರು ಒಬ್ಬರೇ ಹೊರಡಬಾರದೆಂದು ಮೊದಲೇ ಹೇಳಬೇಕಿತ್ತು. ಬಿಳಿ ರಕ್ತಕಣ ಇಳಿದಿರುವಾಗ ಜ್ವರ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ರಾತ್ರಿಯಾದರೂ ಕಾಯದೆ ಆಸ್ಪತ್ರೆಗೆ ಹೋಗಬೇಕು. ಅಂಥ ಹೊತ್ತಿನಲ್ಲಿ ನಾವು ಓಡುವುದು ಹತ್ತಿರದ ಆಸ್ಪತ್ರೆಗೆ. ಅಲ್ಲಿನ ಡಾಕ್ಟರಿಗೆ ಯಾವ ಔಷಧ, ಎಷ್ಟು ಡೋಸ್, ಯಾವ ದಿನ ಎಂಬುದು ಒಂದೇ ಹಾಳೆಯಲ್ಲಿ ಕಾಣಬೇಕು. ನಮಗೆ ಸಿಕ್ಕಿದ್ದು ಬಿಲ್ಲು ಮತ್ತು ಮುಂದಿನ ತಾರೀಕು ಮಾತ್ರ. 2020ರ ಮಾರ್ಚಿನಲ್ಲಿ ಕರ್ನಾಟಕವು ಗಡಿಯ ರಸ್ತೆಗಳನ್ನು ಮುಚ್ಚಿ, ತಲಪಾಡಿಯಲ್ಲಿ ಆಂಬುಲೆನ್ಸುಗಳೂ ನಿಂತುಹೋದದ್ದನ್ನು ಕಂಡವರು ನಾವು. ದಾಖಲೆ ಕೈಯಲ್ಲಿದ್ದರೆ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿನಲ್ಲಾದರೂ ಮುಂದಿನ ಚಿಕಿತ್ಸೆಯನ್ನು ಕೇಳಬಹುದು.

ಯಾರಾದರೂ ಕೇಳಿದರೆ ಈ ವಾರ್ಡಿಗೆ ಹೋಗಿ ಎಂದೇ ಹೇಳುತ್ತೇನೆ. ಮೊದಲ ದಿನವೇ ಚಿಕಿತ್ಸೆಯ ವಿವರದ ಹಾಳೆಯನ್ನೂ ರಾತ್ರಿ ಕರೆ ಮಾಡಬಹುದಾದ ಫೋನ್ ನಂಬರನ್ನೂ ಕೇಳಿ ಪಡೆಯಿರಿ. ಕೈಕಾಲಿನ ಜೋಮನ್ನು ಪ್ರತಿ ವಾರ, ಸೂಜಿ ಹಾಕುವ ಮೊದಲು, ನೀವೇ ಬಾಯಿ ಬಿಟ್ಟು ಹೇಳಿ.