ಬೆಳಗಿನ ತಿಂಡಿಗೆ ಕಾವಲಿಯೋ ಓವನ್ನೋ: ಪ್ಯಾನ್‌ಕೇಕ್, ಬಾಳೆಹಣ್ಣಿನ ಬ್ರೆಡ್, ಡಚ್ ಬೇಬಿ ಮತ್ತು ಸ್ಕೋನ್

ಬೆಳಗಿನ ತಿಂಡಿಗೆಂದು ಮನೆಯಲ್ಲಿಯೇ ಪ್ಯಾನ್‌ಕೇಕ್ ಹುಯ್ಯಲು ಅಥವಾ ಓವನ್ನಿನಲ್ಲಿ ಏನನ್ನಾದರೂ ಬೇಯಿಸಲು ಹೊರಟವರಿಗೆ ಸಿಗುವ ಪಾಕವಿಧಾನಗಳು ಹೆಚ್ಚಾಗಿ ರುಚಿಯನ್ನು ಹೊಗಳುವುದರಲ್ಲಿಯೇ ಮುಗಿಯುತ್ತವೆ. ಎಂಟು ಗಂಟೆಯೊಳಗೆ ಎಲ್ಲರೂ ಹೊರಡಬೇಕಾದ ಮನೆಯಲ್ಲಿ ಮೊದಲು ತಿಳಿಯಬೇಕಾದ ಸಂಗತಿಗಳು ಬೇರೆ: ಕೆಲಸದ ಎಷ್ಟು ಪಾಲನ್ನು ಹಿಂದಿನ ರಾತ್ರಿಯೇ ಮುಗಿಸಿಡಬಹುದು, ಮಾಡಿದ ತಿಂಡಿ ಎಷ್ಟು ಹೊತ್ತು ಚೆನ್ನಾಗಿರುತ್ತದೆ, ಮೊಟ್ಟೆಯಿಲ್ಲದೆ ನಡೆಯುತ್ತದೆಯೇ, ಹೊಟ್ಟೆಗೆ ಸಕ್ಕರೆ ಎಷ್ಟು ಹೋಗುತ್ತದೆ. ಬೆಂಗಳೂರಿನ ನಮ್ಮ ಅಡುಗೆಮನೆಯಲ್ಲಿ ಒಂದು ಸಾಧಾರಣ ಓಟಿಜಿ (ಮೇಜಿನ ಮೇಲಿಡುವ ಸಣ್ಣ ವಿದ್ಯುತ್ ಓವನ್) ಮತ್ತು ಎರಡು ಕಾವಲಿಗಳನ್ನು ಇಟ್ಟುಕೊಂಡು, ದಪ್ಪನೆಯ ಅಮೆರಿಕನ್ ಪ್ಯಾನ್‌ಕೇಕ್, ಬಾಳೆಹಣ್ಣಿನ ಬ್ರೆಡ್ ಮತ್ತು ಮಫಿನ್, ಡಚ್ ಬೇಬಿ (ಓವನ್ನಿನಲ್ಲಿ ಉಬ್ಬುವ ಮೊಟ್ಟೆಯ ಪ್ಯಾನ್‌ಕೇಕ್), ಸ್ಕೋನ್ (ಬೆಣ್ಣೆ ಉಜ್ಜಿದ ಹಿಟ್ಟಿನ ಸಣ್ಣ ದಪ್ಪ ಬನ್ನಿನಂಥದು) ಇವುಗಳನ್ನು ಈ ದೃಷ್ಟಿಯಿಂದಲೇ ಮತ್ತೆ ಮತ್ತೆ ಮಾಡಿ ನೋಡಿದ್ದೇನೆ. ತೀರ್ಮಾನವನ್ನು ಮೊದಲೇ ಹೇಳಿಬಿಡುವುದಾದರೆ, ವಾರದ ದಿನಗಳಿಗೆ ಬಾಳೆಹಣ್ಣಿನ ಬ್ರೆಡ್, ಭಾನುವಾರಕ್ಕೆ ಮೊಸರಿನ ಪ್ಯಾನ್‌ಕೇಕ್. ಉಳಿದೆರಡಕ್ಕೆ ತಕ್ಕ ಸಂದರ್ಭ ಬೇಕು.

ಪ್ಯಾನ್‌ಕೇಕಿನಲ್ಲಿಯೇ ಎರಡು ಬಗೆಗಳ ನಡುವೆ ಪೈಪೋಟಿಯಿದೆ. ಮೊದಲನೆಯದು ಹಾಲು ಮತ್ತು ಬೇಕಿಂಗ್ ಪೌಡರಿನದು: 125 ಗ್ರಾಂ ಮೈದಾ, ಒಂದು ದೊಡ್ಡ ಚಮಚ ಸಕ್ಕರೆ, ಒಂದೂವರೆ ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು, ಒಂದು ಮೊಟ್ಟೆ, ಸುಮಾರು 180 ಮಿ.ಲೀ. ಹಾಲು, ಎರಡು ದೊಡ್ಡ ಚಮಚ ಕರಗಿಸಿದ ಬೆಣ್ಣೆ. ಎರಡನೆಯದರಲ್ಲಿ ಹಾಲಿನ ಜಾಗಕ್ಕೆ ಹುಳಿ ಮೊಸರು ಬರುತ್ತದೆ, ಬೇಕಿಂಗ್ ಪೌಡರಿನ ಜಾಗಕ್ಕೆ ಅರ್ಧ ಟೀ ಚಮಚಕ್ಕೂ ತುಸು ಕಡಿಮೆ ಅಡುಗೆ ಸೋಡಾ ಬರುತ್ತದೆ. ಅಮೆರಿಕದ ಪಾಕವಿಧಾನಗಳು ಇದಕ್ಕೆ ಮಜ್ಜಿಗೆಯನ್ನು ಹೇಳುತ್ತವೆ. ಆದರೆ ಅಲ್ಲಿನ ಅಂಗಡಿಗಳಲ್ಲಿ ಸಿಗುವ ಮಜ್ಜಿಗೆ ಹಾಲಿಗೆ ಹೆಪ್ಪು ಹಾಕಿ ದಪ್ಪಗಾಗಿಸಿದ್ದು, ನಮ್ಮ ಕಡೆದ ಮಜ್ಜಿಗೆಯನ್ನೇ ಅದೇ ಅಳತೆಯಲ್ಲಿ ಸುರಿದರೆ ಹಿಟ್ಟು ನೀರುದೋಸೆಯ ಹದಕ್ಕೆ ಇಳಿದುಬಿಡುತ್ತದೆ. ಮೂರು ಪಾಲು ಗಟ್ಟಿ ಮೊಸರಿಗೆ ಒಂದು ಪಾಲು ನೀರು ಬೆರೆಸಿ ಕದಡಿದರೆ ಬೇಕಾದ ದಪ್ಪ ಸಿಗುತ್ತದೆ.

ಬೇಕಿಂಗ್ ಪೌಡರ್ ಎಂದರೆ ಅದೇ ಸೋಡಾ, ಅದರೊಂದಿಗೆ ಒಣ ಆಮ್ಲ, ಮತ್ತು ಎರಡೂ ಡಬ್ಬದಲ್ಲಿಯೇ ಕೂಡಿಕೊಳ್ಳದಂತೆ ತಡೆಯುವ ಪಿಷ್ಟ. (ಇಂಗ್ಲೆಂಡಿನ ಆಲ್ಫ್ರೆಡ್ ಬರ್ಡ್ 1843ರಲ್ಲಿ ಇದನ್ನು ತಯಾರಿಸಿದ್ದು ಯೀಸ್ಟ್ ಒಗ್ಗದ ತನ್ನ ಹೆಂಡತಿಗಾಗಿ, ಮೊಟ್ಟೆಯೂ ಆಕೆಗೆ ಒಗ್ಗುತ್ತಿರಲಿಲ್ಲವಾದ್ದರಿಂದ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ ಆತನೇ ಮಾಡಿದ.) ಇಂದು ಅಂಗಡಿಯಲ್ಲಿ ದೊರೆಯುವ ಬೇಕಿಂಗ್ ಪೌಡರ್ ಸಾಮಾನ್ಯವಾಗಿ ತೇವ ತಗುಲಿದಾಗ ಒಮ್ಮೆ, ಬಿಸಿ ತಗುಲಿದಾಗ ಇನ್ನೊಮ್ಮೆ ಅನಿಲವನ್ನು ಬಿಡುವುದರಿಂದ, ಹಾಲಿನ ಹಿಟ್ಟು ಅರ್ಧ ಗಂಟೆ ಕಾದರೂ ಕಾವಲಿಯ ಮೇಲೆ ಉಬ್ಬುತ್ತದೆ. ಮೊಸರು ಮತ್ತು ಸೋಡಾದ ಹಿಟ್ಟಿಗೆ ಆ ಸಹನೆಯಿಲ್ಲ. ಎರಡೂ ಸೇರಿದ ಗಳಿಗೆಯಿಂದಲೇ ಗುಳ್ಳೆಗಳು ಏಳತೊಡಗುತ್ತವೆ. ಎಲ್ಲರೂ ತಟ್ಟೆಯ ಮುಂದೆ ಕುಳಿತ ಮೇಲೆಯೇ ಸೋಡಾ ಬೆರೆಸುವುದು ಒಳ್ಳೆಯದು. ಈ ಒಂದು ತೊಡಕನ್ನು ಸಹಿಸಿಕೊಂಡರೆ, ಉಳಿದ ಎಲ್ಲ ವಿಷಯದಲ್ಲಿಯೂ ಗೆಲುವು ಮೊಸರಿನದೇ ಎಂಬುದು ನನ್ನ ಅನುಭವ. ಹಾಲಿನ ಪ್ಯಾನ್‌ಕೇಕ್ ಉಬ್ಬುತ್ತದೆ, ಆದರೆ ಬಿಳಿಚಿಕೊಂಡು, ಸಪ್ಪೆಯಾಗಿ, ಸಿಹಿಯನ್ನು ಸುರಿದುಕೊಳ್ಳದೆ ತಿನ್ನಲಾಗದಂತಿರುತ್ತದೆ. ಮೊಸರಿನದು ಹೆಚ್ಚು ಮೃದು, ಒಳಗೆ ಹಗುರ. ಅದರ ಸಣ್ಣ ಹುಳಿಯಿಂದಾಗಿ ಬೆಲ್ಲದ ಸಿಹಿ ಮುಖಕ್ಕೆ ಹೊಡೆಯುವುದಿಲ್ಲ, ಸೋಡಾದ ದೆಸೆಯಿಂದ ಮೇಲ್ಮೈ ಚೆನ್ನಾಗಿ ಕಂದುಗಟ್ಟುತ್ತದೆ. ಸೋಡಾ ಅಳತೆ ಮೀರಿದರೆ ಮಾತ್ರ ಸೋಪಿನ ವಾಸನೆ ಬಂದು ಎಲ್ಲವೂ ಕೆಡುತ್ತದೆ.

ದೋಸೆಯಲ್ಲಿ ಪಳಗಿದ ಕೈಗೆ ಪ್ಯಾನ್‌ಕೇಕ್ ಸುಲಭವೆಂದು ತೋರುತ್ತದೆ, ಆದರೆ ಕೆಲವು ಅಭ್ಯಾಸಗಳನ್ನು ಇಲ್ಲಿ ಪಕ್ಕಕ್ಕಿಡಬೇಕು. ಅಕ್ಕಿ ಉದ್ದಿನ ಹಿಟ್ಟನ್ನು ನುಣ್ಣಗೆ ರುಬ್ಬಿ, ಕೈಯಾಡಿಸಿ, ಹುದುಗಲು ಬಿಟ್ಟಷ್ಟೂ ಒಳ್ಳೆಯದು. ಮೈದಾದ ಹಿಟ್ಟನ್ನು ಹಾಗೆ ಕಲಸಿದರೆ ಅದರಲ್ಲಿನ ಗ್ಲುಟನ್ ಎಂಬ ಜಿಗುಟು ಪ್ರೋಟೀನ್ ಬಿಗಿಯಾಗಿ ಪ್ಯಾನ್‌ಕೇಕ್ ರಬ್ಬರಿನಂತಾಗುತ್ತದೆ. ಒಣ ಹಿಟ್ಟು ಕಣ್ಣಿಗೆ ಕಾಣದಾದ ಕೂಡಲೇ ಕೈ ನಿಲ್ಲಿಸಬೇಕು, ಸಣ್ಣಪುಟ್ಟ ಗಂಟುಗಳು ಉಳಿದರೆ ಅವು ಬೇಯುವಾಗ ತಾವಾಗಿಯೇ ಕರಗುತ್ತವೆ. ಕಾವಲಿಯ ವಿಷಯದಲ್ಲಿಯೂ ಹಾಗೆಯೇ: ದೋಸೆಗೆ ಕಾಯಿಸುವಷ್ಟು ಕಬ್ಬಿಣದ ಹೆಂಚನ್ನು ಕಾಯಿಸಿದರೆ ಮೇಲೆ ಕರಕಲು, ಒಳಗೆ ಹಸಿ. ದಪ್ಪ ತಳದ ಕಾವಲಿಯನ್ನು ಸಣ್ಣ ಉರಿಗಿಂತ ತುಸು ಮೇಲೆ ಇಟ್ಟು, ಬೆಣ್ಣೆ ಸವರಿ, ಹೆಚ್ಚಾದದ್ದನ್ನು ಬಟ್ಟೆಯಿಂದ ಒರೆಸಿ, ಒಂದು ಸೌಟು ಹಿಟ್ಟನ್ನು ಹುಯ್ದು ಹರಡದೆ ಬಿಡಬೇಕು. ಮೇಲಿನ ಗುಳ್ಳೆಗಳು ಒಡೆದು, ಆ ತೂತುಗಳು ಮುಚ್ಚಿಕೊಳ್ಳದೆ ಉಳಿದಾಗ ಒಂದೇ ಬಾರಿ ಮಗುಚಬೇಕು. ಮಗುಚಿದ ಮೇಲೆ ಸಟ್ಟುಗದಿಂದ ಒತ್ತುವುದು ಉಬ್ಬಿದ್ದನ್ನು ಕೈಯಾರೆ ಇಳಿಸಿದಂತೆ.

ಮೈದಾ ಬೇಡವೆನ್ನುವವರಿಗಾಗಿ ಗೋಧಿ ಹಿಟ್ಟಿನಲ್ಲಿಯೂ ಮಾಡಿದ್ದೇನೆ. ಗಿರಣಿಯ ಹಿಟ್ಟು ಮೈದಾಕ್ಕಿಂತ ಹೆಚ್ಚು ನೀರನ್ನು ಹೀರುವುದರಿಂದ ಎರಡು ಮೂರು ದೊಡ್ಡ ಚಮಚದಷ್ಟು ನೀರನ್ನು ಹೆಚ್ಚಿಗೆ ಹಾಕಿ, ಸೋಡಾ ಸೇರಿಸುವ ಮೊದಲು ಕಾಲು ಗಂಟೆ ನೆನೆಯಲು ಬಿಡಬೇಕು. ಅರ್ಧಕ್ಕರ್ಧ ಬೆರಸಿದರೆ ಫಲಿತಾಂಶ ಚೆನ್ನಾಗಿದೆ. ಪೂರ್ತಿ ಗೋಧಿಯದು ಭಾರವಾಗುತ್ತದೆ, ಅಷ್ಟಾದರೆ ಬೆಲ್ಲ ಹಾಕಿದ ಗೋಧಿ ದೋಸೆಯನ್ನೇ ತೆಳ್ಳಗೆ ಹುಯ್ದುಕೊಳ್ಳುವುದು ಮೇಲು.

ಮೇಲೆ ಸುರಿದುಕೊಳ್ಳಲು ಮೇಪಲ್ ಸಿರಪ್ ಬೇಕೆಂಬ ನಿಯಮವೇನೂ ಇಲ್ಲ. ಸುಮಾರು 40 ಲೀಟರ್ ಮರದ ರಸವನ್ನು ಕುದಿಸಿ ಇಳಿಸಿದರೆ ಒಂದು ಲೀಟರ್ ಆಗುವ, ಹೆಚ್ಚಾಗಿ ಕೆನಡಾದ ಕ್ವಿಬೆಕ್ ಪ್ರಾಂತದಿಂದ ಬರುವ ಆ ಸಿರಪ್ಪಿಗೆ ಇಲ್ಲಿ ತೆರಬೇಕಾದ ಬೆಲೆಯನ್ನು ನೋಡಿದರೆ, ಶಿರಸಿ ಸಿದ್ದಾಪುರದ ಕಡೆಯ ಜೋನಿ ಬೆಲ್ಲವೇ (ಸುರಿಯಲು ಬರುವ ನೀರುಬೆಲ್ಲ) ಸಾಕು ಎನ್ನಿಸುತ್ತದೆ. ತೆಳ್ಳೇವು ಎಂಬ ತೆಳು ದೋಸೆಯ ಜೊತೆ ಅದನ್ನು ತಿಂದು ಬೆಳೆದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ರುಚಿಯಲ್ಲಿ ಎರಡೂ ಒಂದೇ ಅಲ್ಲ: ಮೇಪಲಿನಲ್ಲಿ ಮರದ ತೆಳು ಕಂಪಿದೆ, ಜೋನಿ ಬೆಲ್ಲದಲ್ಲಿ ಕಬ್ಬಿನ ಗಾಢತೆ ಮತ್ತು ಸಣ್ಣ ಉಪ್ಪು. ಮೊಸರಿನ ಪ್ಯಾನ್‌ಕೇಕಿಗೆ ಎರಡನೆಯದು ಹೆಚ್ಚು ಒಪ್ಪುತ್ತದೆ.

ಇನ್ನು ಬಾಳೆಹಣ್ಣಿನ ಬ್ರೆಡ್. ಹೆಸರು ಬ್ರೆಡ್ ಆದರೂ ಇದರಲ್ಲಿ ಯೀಸ್ಟ್ ಇಲ್ಲ, ನಾದುವ ಕೆಲಸವಿಲ್ಲ. ಸೋಡಾ ಮತ್ತು ಬೇಕಿಂಗ್ ಪೌಡರ್ ಮನೆಮನೆಯ ಸಾಮಾನಾದ ಮೇಲೆ, 1930ರ ದಶಕದಲ್ಲಿ ಅಮೆರಿಕದ ಅಡುಗೆಮನೆಗಳಲ್ಲಿ ಇದು ಬೇರೂರಿತು. ನಾನು ಬಳಸುವ ಅಳತೆ ಹೀಗಿದೆ: ಚೆನ್ನಾಗಿ ಕಳಿತ ಮೂರು ದೊಡ್ಡ ಪಚ್ಚಬಾಳೆಹಣ್ಣು, 200 ಗ್ರಾಂ ಹಿಟ್ಟು, 120 ಗ್ರಾಂ ಬೆಲ್ಲದ ಪುಡಿ, 80 ಗ್ರಾಂ ಬೆಣ್ಣೆ ಅಥವಾ ವಾಸನೆಯಿಲ್ಲದ ಎಣ್ಣೆ, ಎರಡು ಮೊಟ್ಟೆ ಅಥವಾ ಅರ್ಧ ಬಟ್ಟಲು ಮೊಸರು, ಮುಕ್ಕಾಲು ಟೀ ಚಮಚ ಸೋಡಾ, ಉಪ್ಪು. ಸೋಡಾ ಒಂದು ಪೂರ್ಣ ಚಮಚ ಇರಬೇಕೆಂದು ಅನೇಕ ಕಡೆ ಬರೆದಿರುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕಡಿಮೆಯಿರುವುದರಿಂದ ಅನಿಲ ಬೇಗ ಹಿಗ್ಗುತ್ತದೆ, ಅಷ್ಟು ಹಾಕಿದರೆ ನಡುಭಾಗ ಮೊದಲು ಎದ್ದು ಆಮೇಲೆ ಕುಸಿಯುತ್ತದೆ. ಮಂಗಳೂರಿನಲ್ಲಿರುವವರು ಪೂರ್ಣ ಚಮಚವನ್ನೇ ಹಾಕಿಕೊಳ್ಳಬಹುದು, ಮಡಿಕೇರಿಯವರು ಇನ್ನೂ ಸ್ವಲ್ಪ ಇಳಿಸಬೇಕಾದೀತು.

ಹಣ್ಣಿನ ಆಯ್ಕೆಯಲ್ಲಿ ಎಚ್ಚರ ಬೇಕು. ಸಿಪ್ಪೆಯ ಮೇಲೆ ಕಪ್ಪು ಚುಕ್ಕೆಗಳು ತುಂಬುವವರೆಗೆ ಕಾದರೆ ಪಿಷ್ಟವೆಲ್ಲ ಸಕ್ಕರೆಯಾಗಿ ತಿರುಗಿ ಕಂಪು ಹೆಚ್ಚುತ್ತದೆ. ಹಳದಿ ಹಣ್ಣಿನಿಂದ ಮಾಡಿದ ಬ್ರೆಡ್ಡಿಗೆ ಸಕ್ಕರೆ ಎಷ್ಟು ಸುರಿದರೂ ಆ ಕಂಪು ಬರುವುದಿಲ್ಲ. ಪಚ್ಚಬಾಳೆಯಲ್ಲಿ ತೇವ ಹೆಚ್ಚು, ಬ್ರೆಡ್ ಮೆತ್ತಗಿರುತ್ತದೆ. ಏಲಕ್ಕಿ ಬಾಳೆಯಿಂದ ಮಾಡಿದ್ದು ಬಿಗಿಯಾಗಿ, ಕೇಕಿನಂತೆ ಕತ್ತರಿಸಲು ಬರುವಂತೆ ಆಗುತ್ತದೆ, ಆದರೆ ಏಳೆಂಟು ಹಣ್ಣು ಸುಲಿಯಬೇಕು. ನೇಂದ್ರ ಬಾಳೆಯನ್ನು ಇದಕ್ಕೆ ಬಳಸುವುದಕ್ಕಿಂತ ಚಿಪ್ಸ್‌ಗೆ ಬಿಡುವುದು ಲೇಸು.

ಇದನ್ನು ವಾರದ ದಿನಗಳ ಮೊದಲ ಆಯ್ಕೆಯನ್ನಾಗಿ ಮಾಡಿರುವುದು ಅದರ ರುಚಿಗಿಂತ ಅದರ ಸ್ವಭಾವ. ಓವನ್ನಿನಿಂದ ಹೊರತೆಗೆದ ಗಳಿಗೆಯಲ್ಲಿ ಇದು ಅಷ್ಟಕ್ಕಷ್ಟೆ, ಕತ್ತರಿಸಿದರೆ ಅಂಟಿಕೊಂಡು ಬರುತ್ತದೆ. ಒಂದು ರಾತ್ರಿ ಕಳೆದ ಮೇಲೆ ತೇವ ಎಲ್ಲೆಡೆ ಸಮನಾಗಿ ಹರಡಿ, ಬಾಳೆಯ ಪರಿಮಳ ಬಲಿತು, ಹೋಳುಗಳು ಅಚ್ಚುಕಟ್ಟಾಗಿ ಬರುತ್ತವೆ. ಹೀಗೆ ಕಾದಷ್ಟೂ ಸುಧಾರಿಸುವ ಗುಣ ಇಲ್ಲಿ ಹೋಲಿಸಿದ ಬೇರಾವುದಕ್ಕೂ ಇಲ್ಲ. ಪೂರ್ತಿ ಗೋಧಿ ಹಿಟ್ಟನ್ನು ಬಳಸಿದರೂ ಹಣ್ಣಿನ ತೇವದಿಂದಾಗಿ ಒರಟುತನ ಅಷ್ಟಾಗಿ ತಿಳಿಯುವುದಿಲ್ಲ, ಕಾಲು ಪಾಲು ರಾಗಿ ಹಿಟ್ಟನ್ನೂ ಇದು ತಾಳಿಕೊಳ್ಳುತ್ತದೆ. ಸಿಹಿಯ ಲೆಕ್ಕವನ್ನು ಮಾತ್ರ ಪ್ರಾಮಾಣಿಕವಾಗಿ ಹಾಕಬೇಕು: 120 ಗ್ರಾಂ ಬೆಲ್ಲವನ್ನು ಹತ್ತು ಹೋಳಿಗೆ ಹಂಚಿದರೆ ಹೋಳಿಗೆ 12 ಗ್ರಾಂ, ಹಣ್ಣಿನದು ಬೇರೆ. ಪ್ಯಾನ್‌ಕೇಕಿನ ಹಿಟ್ಟಿನಲ್ಲಿ ಇರುವ ಸಕ್ಕರೆ ಬಹಳ ಕಡಿಮೆ, ಆದರೆ ಮೇಲೆ ಒಂದು ದೊಡ್ಡ ಚಮಚ ಸಿರಪ್ ಬಿದ್ದಲ್ಲಿಗೆ ಅದೂ ಇದನ್ನು ಸರಿಗಟ್ಟುತ್ತದೆ. ಆದ್ದರಿಂದ ಇವೆರಡರಲ್ಲಿ ಒಂದನ್ನು ಆರೋಗ್ಯಕರವೆಂದು ಎತ್ತಿ ಹಿಡಿಯುವ ವಾದಕ್ಕೆ ಆಧಾರ ಕಡಿಮೆ.

ಅದೇ ಹಿಟ್ಟನ್ನು ಮಫಿನ್ ಅಚ್ಚುಗಳಿಗೆ ಹಾಕಿದರೆ 180 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ. ಉದ್ದನೆಯ ಬ್ರೆಡ್ ಅಚ್ಚಿಗಾದರೆ ಐವತ್ತರಿಂದ ಅರವತ್ತು ನಿಮಿಷ ಬೇಕು. 1,500 ವ್ಯಾಟಿನ ಓವನ್ ಒಂದು ಗಂಟೆ ಎಡೆಬಿಡದೆ ಉರಿದರೆ ಒಂದೂವರೆ ಯೂನಿಟ್ ವಿದ್ಯುತ್ ಆಗುತ್ತದೆ, ಥರ್ಮೋಸ್ಟಾಟ್ ನಡುನಡುವೆ ಆರಿಸುವುದರಿಂದ ವಾಸ್ತವದಲ್ಲಿ ಅದಕ್ಕಿಂತ ಕಡಿಮೆ. ಆದರೂ ಮಫಿನ್ ಅಗ್ಗವೆಂಬುದು ನಿಜ. ಮಕ್ಕಳ ಡಬ್ಬಿಗೆ ಅದು ಅನುಕೂಲವೂ ಹೌದು. ಮರುದಿನಕ್ಕೆ ಅದರ ತಲೆ ಅಂಟಂಟಾಗುವುದು ಮತ್ತು ಬದಿಗಳು ಬೇಗ ಒಣಗುವುದು ನನಗೆ ಹಿಡಿಸದ ಸಂಗತಿ.

ಇಲ್ಲಿ ಕರಾವಳಿಯ ಓದುಗರು ಮಂಗಳೂರು ಬನ್ಸನ್ನು ನೆನಪಿಸದೆ ಬಿಡಲಾರರು, ಮತ್ತು ಅವರ ಮಾತಿನಲ್ಲಿ ನ್ಯಾಯವಿದೆ. ಕಳಿತ ಬಾಳೆಹಣ್ಣು, ಮೈದಾ, ಮೊಸರು, ಸಕ್ಕರೆ, ಸೋಡಾ: ಮೊಟ್ಟೆಯಿಲ್ಲದ ಬಾಳೆ ಬ್ರೆಡ್ಡಿಗೂ ಬನ್ಸಿಗೂ ಸಾಮಗ್ರಿಯಲ್ಲಿ ಇರುವ ವ್ಯತ್ಯಾಸ ಬೆಣ್ಣೆ ಮತ್ತು ಜೀರಿಗೆ ಮಾತ್ರ. ಒಂದನ್ನು ಸಡಿಲವಾಗಿ ಕಲಸಿ ಬೇಯಿಸುತ್ತೇವೆ, ಇನ್ನೊಂದನ್ನು ಗಟ್ಟಿಯಾಗಿ ನಾದಿ, ರಾತ್ರಿಯಿಡೀ ಇಟ್ಟು, ಲಟ್ಟಿಸಿ ಕರಿಯುತ್ತೇವೆ. ಬಿಸಿಬಿಸಿಯಾಗಿ ತಿನ್ನುವುದಾದರೆ ಬನ್ಸಿನ ಮುಂದೆ ಮಫಿನ್ ನಿಲ್ಲುವುದಿಲ್ಲ. ಬೆಳಿಗ್ಗೆ ಏಳು ಗಂಟೆಗೆ ಎಣ್ಣೆಯ ಬಾಣಲೆಯ ಮುಂದೆ ನಿಲ್ಲುವ ಉತ್ಸಾಹ ಯಾರಿಗಿದೆ ಎಂಬುದಷ್ಟೇ ಪ್ರಶ್ನೆ.

ಡಚ್ ಬೇಬಿ ಕಾವಲಿಗೂ ಓವನ್ನಿಗೂ ನಡುವಿನದು. ಜರ್ಮನ್ ಪ್ಯಾನ್‌ಕೇಕಿನ ಸಂತತಿಯಾದ ಇದಕ್ಕೆ ಅಮೆರಿಕದ ಸಿಯಾಟಲ್ ನಗರದ ಮ್ಯಾಂಕಾಸ್ ಕೆಫೆಯಲ್ಲಿ 20ನೆಯ ಶತಮಾನದ ಆರಂಭದಲ್ಲಿ ಈ ಹೆಸರು ಬಂತೆನ್ನುತ್ತಾರೆ. ಮೂರು ಮೊಟ್ಟೆ, ಅರ್ಧ ಬಟ್ಟಲು ಮೈದಾ, ಅರ್ಧ ಬಟ್ಟಲು ಹಾಲನ್ನು ಮಿಕ್ಸಿಯಲ್ಲಿ ತಿರುಗಿಸಿ, 220 ಡಿಗ್ರಿಯ ಓವನ್ನಿನಲ್ಲಿ ಕಾದಿರುವ ಎರಕದ ಕಬ್ಬಿಣದ ಬಾಣಲೆಗೆ ಬೆಣ್ಣೆಯೊಂದಿಗೆ ಸುರಿದರೆ, ಸೋಡಾದ ಹಂಗಿಲ್ಲದೆ ಕೇವಲ ಹಬೆಯ ಬಲದಿಂದ ಇಪ್ಪತ್ತು ನಿಮಿಷದಲ್ಲಿ ಬಾಣಲೆಯ ಅಂಚನ್ನು ಮೀರಿ ಏಳುತ್ತದೆ. ಹೊರತೆಗೆದ ಎರಡೇ ನಿಮಿಷಕ್ಕೆ ಇಳಿದೂ ಹೋಗುತ್ತದೆ. ಮಗುಚುವ ಕೆಲಸವಿಲ್ಲದಿರುವುದರಿಂದ ಅತಿಥಿಗಳು ಬಂದಾಗ ಒಮ್ಮೆಗೇ ನಾಲ್ವರಿಗೆ ಬಡಿಸಲು ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ; ಆದರೆ ಮೊಟ್ಟೆ ತಿನ್ನದ ಮನೆಗೆ ಇದು ಆಗದ ಮಾತು, ಮೊಸರಾಗಲಿ ಅಗಸೆಬೀಜವಾಗಲಿ ಇಲ್ಲಿ ಮೊಟ್ಟೆಯ ಕೆಲಸವನ್ನು ಮಾಡಲಾರವು. ಸಣ್ಣ ಓಟಿಜಿಯಾದರೆ ಮೇಲಿನ ಕಂಬಿಗೆ ತಾಗಿ ಕರಕಾಗದಂತೆ ಬಾಣಲೆಯನ್ನು ಕೆಳಗಿನ ಅಂತಸ್ತಿನಲ್ಲಿ ಇಡಬೇಕು.

ಸ್ಕೋನ್ ಅನ್ನು ಕೊನೆಗೆ ಇಟ್ಟುಕೊಂಡದ್ದಕ್ಕೆ ಕಾರಣವಿದೆ. ಇಂಗ್ಲೆಂಡಿನಲ್ಲಿ ಇದು ಮುಖ್ಯವಾಗಿ ಮಧ್ಯಾಹ್ನದ ಚಹದ ಜೊತೆಗಿನ ತಿನಿಸು, ಮತ್ತು ಸಿಹಿ ಸ್ಕೋನ್ ಜಾಮ್ ಹಾಗೂ ಕೆನೆಯಿಲ್ಲದೆ ಬಹಳ ಒಣ. ತಣ್ಣನೆಯ ಬೆಣ್ಣೆಯನ್ನು ಬೆರಳ ತುದಿಗಳಿಂದ ಹಿಟ್ಟಿಗೆ ಉಜ್ಜುವುದು ಇದರ ಜೀವಾಳ. ಏಪ್ರಿಲ್ ತಿಂಗಳ ಅಡುಗೆಮನೆಯಲ್ಲಿ ಬೆಣ್ಣೆ ಅದಕ್ಕೆ ಮೊದಲೇ ಕರಗಿ, ಪದರು ಪದರಾಗಿ ಏಳಬೇಕಾದದ್ದು ಬಿಸ್ಕತ್ತಿನಂತಾಗುತ್ತದೆ. ಬೇಯಿಸಿದ ಕೆಲವೇ ಗಂಟೆಗಳಲ್ಲಿ ಹಳತಾಗುವುದು ಇನ್ನೊಂದು ಕೊರತೆ. ಆದರೆ ಬೆಳಗಿನ ಹೊತ್ತು ಖಾರವನ್ನೇ ಬಯಸುವ ನಾಲಿಗೆಗೆ ಈ ನಾಲ್ಕರಲ್ಲಿ ನಿಜವಾಗಿ ಒಲಿಯುವುದು ಇದೊಂದೇ. ಖಾರದ ಪ್ಯಾನ್‌ಕೇಕ್ ಮಾಡಿದರೆ ಅದು ಉತ್ತಪ್ಪದ ಎದುರು ಸೋಲುತ್ತದೆ. ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ತುರಿದ ಚೀಸ್ ಮತ್ತು ಕರಿಮೆಣಸು ಹಾಕಿದ ಸ್ಕೋನ್‌ಗೆ ಅಂಥ ಎದುರಾಳಿ ನಮ್ಮ ತಿಂಡಿಗಳಲ್ಲಿ ಇಲ್ಲ. ರಜೆಯ ದಿನ ಹಿಟ್ಟನ್ನು ಕಲಸಿ, ಮುಕ್ಕಾಲು ಅಂಗುಲ ದಪ್ಪಕ್ಕೆ ತಟ್ಟಿ, ಕತ್ತರಿಸಿ, ಬೇಯಿಸದೆ ಹಾಗೆಯೇ ಫ್ರೀಜರಿನಲ್ಲಿ ಗಟ್ಟಿ ಮಾಡಿ ಡಬ್ಬಿಗೆ ತುಂಬಿಟ್ಟರೆ ಬೆಣ್ಣೆ ಕರಗುವ ತೊಂದರೆಯೂ ಹಳಸುವ ತೊಂದರೆಯೂ ಒಟ್ಟಿಗೇ ನಿವಾರಣೆಯಾಗುತ್ತವೆ. ಬೇಕಾದ ಬೆಳಿಗ್ಗೆ ಬೇಕಾದಷ್ಟನ್ನೇ ತೆಗೆದು, ಕರಗಲು ಬಿಡದೆ, 200 ಡಿಗ್ರಿಯ ಓವನ್ನಿನಲ್ಲಿ ಹದಿನೆಂಟರಿಂದ ಇಪ್ಪತ್ತು ನಿಮಿಷ ಇಟ್ಟರಾಯಿತು. ಇದನ್ನು ಬಡಿಸಿದ ದಿನ ಜೊತೆಗೆ ಒಂದಿಷ್ಟು ಉಪ್ಪಿಟ್ಟು ಇದೆಯೇ ಎಂದು ನಮ್ಮ ಮನೆಯಲ್ಲಿ ಯಾರೂ ಕೇಳುವುದಿಲ್ಲ.