ಗಾಜಿನ ಬೋಗಿಯಲ್ಲಿ ಫೈರ್‌ಮನ್ ಅಪ್ಪ

ಹಾಸನದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ ಹಗಲು ರೈಲಿನ ವಿಸ್ಟಾಡೋಮ್ ಅನ್ನುವ ಗಾಜಿನ ಬೋಗಿಯಲ್ಲಿ ಹೋದೆವು. ನಾನು, ಜೊತೆಗೆ ಎಂಬತ್ತು ದಾಟಿದ ಅಪ್ಪ.

ಮೊದಲು ಸೀಟಿನ ವಿಷಯ. ಬೋಗಿಗೆ 44 ಸೀಟು. ಬೇಕಾದ ಕಡೆಗೆ ತಿರುಗಿಸಿಕೊಳ್ಳಬಹುದು, ಹಾಗಾಗಿ ಯಾವ ನಂಬರ್ ಸಿಕ್ಕಿತು ಅಂತ ತಲೆ ಕೆಡಿಸಿಕೊಳ್ಳಬೇಡಿ. ಚಾವಣಿಗೂ ಗಾಜು. ಸಕಲೇಶಪುರದವರೆಗೆ ಅಂಥದ್ದೇನೂ ಇಲ್ಲ, ಆರಾಮಾಗಿ ತಿಂಡಿ ಮುಗಿಸಿಕೊಳ್ಳಿ. ಕಾಫಿ ಮಾತ್ರ ಮನೆಯಿಂದಲೇ ಫ್ಲಾಸ್ಕಲ್ಲಿ ತನ್ನಿ. ನಮಗೆ ಸಿಕ್ಕಿದ್ದು ಬಿಸಿನೀರಿಗೆ ಬಣ್ಣ. ಅದೂ ಕಾಫಿ ತೋಟದ ಪಕ್ಕದಲ್ಲೇ!

ದೋಣಿಗಲ್ ದಾಟಿದ ಮೇಲೆ ನಿಜವಾದ ಘಾಟಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ಗೆ 55 ಕಿ.ಮೀ., 57 ಸುರಂಗ, ನೂರಕ್ಕೂ ಜಾಸ್ತಿ ಸೇತುವೆ. ಐವತ್ತು ಅಡಿಗೆ ಒಂದು ಅಡಿ ಇಳಿಜಾರು, ಅದಕ್ಕೇ ರೈಲು ಮೆಲ್ಲಗೆ ಇಳಿಯುತ್ತದೆ. ಒಂದು ಸುರಂಗ ಮುಗಿದು ಕಣ್ಣು ಬಿಡುವಷ್ಟರಲ್ಲಿ ಕೆಳಗೆ ಕಣಿವೆ, ಅದನ್ನು ನೋಡುವಷ್ಟರಲ್ಲಿ ಇನ್ನೊಂದು ಸುರಂಗ. ಮಕ್ಕಳು ಪ್ರತಿ ಸಲವೂ ಕಿರುಚಿದರು. ಕಾಸಿಗೆ ಮೋಸವಿಲ್ಲ.

ಅಪ್ಪ ಮಾತ್ರ ಸುಮ್ಮನೆ ಕೂತಿದ್ದರು. ಅವರು 1968ರಲ್ಲಿ ಅರಸೀಕೆರೆಯ ರೈಲು ಎಂಜಿನ್ ಶೆಡ್‌ಗೆ ಕ್ಲೀನರ್ ಆಗಿ ಸೇರಿದವರು. ಆಮೇಲೆ ಫೈರ್‌ಮನ್. ವೈಪಿ ಅನ್ನುವ ಉಗಿ ಎಂಜಿನ್ನಿನ ಒಲೆಗೆ ಸಲಿಕೆಯಲ್ಲಿ ಕಲ್ಲಿದ್ದಲು ಎಸೆಯುತ್ತಿದ್ದರು. ಸುಮ್ನೆ ತುಂಬುವುದಲ್ಲ, ಮೂಲೆ ಮೂಲೆಗೂ ತೆಳ್ಳಗೆ ಹರಡಬೇಕು, ಇಲ್ಲದಿದ್ದರೆ ಉಗಿ ಏಳುವುದಿಲ್ಲ. ಆ ಕೈಚಳಕ ಕಲಿಯುವಷ್ಟರಲ್ಲಿ, 1972ರಲ್ಲಿ, ಚಿತ್ತರಂಜನ್ ಕಾರ್ಖಾನೆಯಿಂದ ಮೀಟರ್ ಗೇಜಿನ (ಕಿರಿದಾದ ಹಳಿಯ) ಕೊನೆಯ ಉಗಿ ಎಂಜಿನ್ ಹೊರಬಿತ್ತು. ಕಲಿತ ವಿದ್ಯೆಗೆ ಅಷ್ಟೇ ಆಯಸ್ಸು. ಅಮ್ಮ ಅವರ ಬನಿಯನ್ ಬೇರೆ ಬಕೆಟ್ಟಿನಲ್ಲಿ ನೆನೆಸುತ್ತಿದ್ದುದು ನನಗೆ ಈಗಲೂ ನೆನಪಿದೆ.

ಘಾಟಿಯಲ್ಲಿ ಅಪ್ಪ ಕೆಲಸ ಮಾಡಿದವರಲ್ಲ. 1979ರಲ್ಲಿ ಈ ಲೈನು ಶುರುವಾದ ಮೇಲೆ ಪಾಸಿನಲ್ಲಿ ನಮ್ಮನ್ನೆಲ್ಲ ಸುಬ್ರಹ್ಮಣ್ಯಕ್ಕೆ ಕರೆದುಕೊಂಡು ಹೋಗುತ್ತಿದ್ದರು. ಆಗ ಪ್ಯಾಸೆಂಜರ್ ಗಾಡಿ ಘಾಟಿ ನಡುವಿನ ಯಡಕುಮೇರಿ ಸ್ಟೇಷನ್ನಿನಲ್ಲಿ ನಿಲ್ಲುತ್ತಿತ್ತು. ಬಾಳೆಗೊನೆ ಹೊತ್ತವರು, ಕೋಳಿ ಹಿಡಿದವರು ಹತ್ತುತ್ತಿದ್ದರು. 1996ರಲ್ಲಿ ಅಗಲ ಹಳಿಯ ಬ್ರಾಡ್ ಗೇಜ್ ಮಾಡಲು ಲೈನ್ ಮುಚ್ಚಿದರು. ಪ್ರಯಾಣಿಕರ ರೈಲು ಮತ್ತೆ ಓಡಿದ್ದು 2007ರ ಡಿಸೆಂಬರ್‌ನಲ್ಲಿ. ಅಷ್ಟು ವರ್ಷ ಯಾವ ಕೋಳಿ ಕಾಯುತ್ತದೆ?

ಮೊನ್ನೆಯೂ ನಮ್ಮ ರೈಲು ಯಡಕುಮೇರಿಯಲ್ಲಿ ನಿಂತಿತು. ಕ್ರಾಸಿಂಗ್‌ಗೆ, ಎದುರಿನ ಗಾಡಿಗೆ ದಾರಿ ಬಿಡಲು. ಜನ ಗಾಜಿನೊಳಗಿಂದ ಫೋಟೋ ತೆಗೆದರು. ಕೆಳಗೆ ಕಿತ್ತಳೆ ಜಾಕೆಟ್ಟಿನ, ಹಳಿ ನೋಡಿಕೊಳ್ಳುವ ಗ್ಯಾಂಗ್‌ಮನ್ ಒಬ್ಬ ನಿಂತಿದ್ದ. ಅಪ್ಪ ಕೈ ಎತ್ತಿ ಏನೋ ಕೇಳಿದರು. ಅವನ ಬಾಯಿ ಆಡಿತು, ನಮಗೇನೂ ಕೇಳಿಸಲಿಲ್ಲ. ಎ.ಸಿ. ಬೋಗಿ, ಕಿಟಕಿ ತೆಗೆಯಲು ಬರುವುದಿಲ್ಲ. ಅಪ್ಪ ಗಾಜಿನ ಮೇಲೆ ಬೆರಳಿನಿಂದ ಎರಡು ಸಲ ಕುಟ್ಟಿ ಕೈ ಇಳಿಸಿದರು.

ಹೋಗುವವರು ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆಗೆ ಹೋಗಿ. ಜೋರು ಮಳೆಯಲ್ಲಿ ಗುಡ್ಡ ಕುಸಿದು ರೈಲೇ ನಿಲ್ಲುವುದುಂಟು.

ನನ್ನ ಲೆಕ್ಕದಲ್ಲಿ ಐದಕ್ಕೆ ನಾಲ್ಕು. ಅಪ್ಪನನ್ನು ಕೇಳಿದೆ. "ಎರಡು ಕೊಡು. ಕಿಟಕಿ ತೆಗೆಯೋಕೆ ಬಂದಿದ್ರೆ ಐದೂ ಕೊಡ್ತಿದ್ದೆ" ಅಂದರು.